ಹಳೆ ಡೀಸೆಲ್ ಪಿಕಪ್‌ನ ಇಂಜೆಕ್ಷನ್ ಪಂಪ್ ಬದಲಾಯಿಸುವುದು: ನನ್ನ ಅನುಭವ

ನಾಲ್ಕು ಸಿಲಿಂಡರಿನ ಹಳೆಯ ಪಿಕಪ್‌ಗಳಲ್ಲಿ ಬರುವ ವಿಇ ಮಾದರಿಯ ರೋಟರಿ ಪಂಪ್ ಬಗ್ಗೆ ಬರೆಯುತ್ತಿದ್ದೇನೆ. ಇದು ಬಾಷ್ ವಿನ್ಯಾಸ. ಡೆನ್ಸೊ, ಝೆಕ್ಸೆಲ್ ಹೆಸರಿನಲ್ಲಿ ಬರುವುದೂ ಬಹುಪಾಲು ಅದೇ ಪಂಪ್. ಒಂದೇ ಪ್ಲಂಜರ್ (ಒಳಗಿನ ಉಕ್ಕಿನ ದಂಡ) ತಿರುಗುತ್ತಾ, ಹಿಂದೆ ಮುಂದೆ ಆಡುತ್ತಾ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಲ್ಕು ನಾಝಲ್‌ಗಳಿಗೂ ಸರದಿಯಲ್ಲಿ ಡೀಸೆಲ್ ಹಂಚುತ್ತದೆ. ಕಂಪ್ಯೂಟರಿನಿಂದ ಡೀಸೆಲ್ ಹೊಡೆಯುವ ಹೊಸ ಬಗೆಯ ಕಾಮನ್ ರೈಲ್ ಗಾಡಿಗೆ ಈ ಬರಹ ಉಪಯೋಗಕ್ಕೆ ಬರುವುದಿಲ್ಲ.

ಪಂಪ್ ಬಿಚ್ಚುವ ಮೊದಲು ತಪ್ಪು ಪಂಪಿನದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಬದಲಾಯಿಸಿದ ಪಂಪ್‌ಗಳಲ್ಲಿ ಎಷ್ಟೋ ಸರಿಯಾಗಿಯೇ ಇರುತ್ತವೆ. ತೊಂದರೆ ಇರುವುದು ಫಿಲ್ಟರ್‌ನಲ್ಲೋ, ಬಿರುಕು ಬಿಟ್ಟ ರಬ್ಬರ್ ಪೈಪಿನಲ್ಲೋ. ಪಂಪಿಗೆ ಡೀಸೆಲ್ ಒಳಬರುವ ಕಡೆ ಮತ್ತು ರಿಟರ್ನ್ (ಉಳಿದ ಡೀಸೆಲ್ ಟ್ಯಾಂಕಿಗೆ ಮರಳುವ) ಕಡೆ ಎರಡು ಗೇಣು ಪಾರದರ್ಶಕ ಪೈಪ್ ಹಾಕಿ ಎಂಜಿನ್ ಓಡಿಸಿ. ಒಳಬರುವ ಕಡೆ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಗಾಳಿ ಎಲ್ಲೋ ಪಂಪಿಗಿಂತ ಹಿಂದೆಯೇ ಸೇರುತ್ತಿದೆ. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪಿನ ಡಯಾಫ್ರಮ್, ನಾಝಲ್‌ಗಳ ರಿಟರ್ನ್ ಪೈಪಿನ ಕೊನೆಯಲ್ಲಿರುವ ರಬ್ಬರ್ ಮುಚ್ಚಳ, ಟ್ಯಾಂಕಿನೊಳಗಿನ ಜಾಲರಿ, ಈ ಮೂರನ್ನೂ ನೋಡಿ. ಆಮೇಲೆ ಸ್ಟಾಪ್ ಸೊಲೆನಾಯ್ಡ್, ಅಂದರೆ ಕೀ ಆಫ್ ಮಾಡಿದಾಗ ಡೀಸೆಲ್ ನಿಲ್ಲಿಸುವ ವಿದ್ಯುತ್ ವಾಲ್ವ್. ಕೀ ಆನ್ ಮಾಡಿದಾಗ ಟಕ್ ಎನ್ನಬೇಕು. ಶಬ್ದವಿಲ್ಲದಿದ್ದರೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟು ನೋಡಿ.

ಪಂಪೇ ಸವೆದಿದ್ದರೆ ಕಾಣುವ ಲಕ್ಷಣಗಳು ಬೇರೆ. ಬೆಳಿಗ್ಗೆ ತಣ್ಣಗಿರುವಾಗ ಚೆನ್ನಾಗಿ ಸ್ಟಾರ್ಟ್ ಆಗುವ ಗಾಡಿ ಬಿಸಿಯಾದ ಮೇಲೆ ಆರಿಸಿದರೆ ಮತ್ತೆ ಹಿಡಿಯುವುದಿಲ್ಲ. ಬಿಸಿ ಡೀಸೆಲ್ ತೆಳುವಾಗಿ, ಸವೆದ ಪ್ಲಂಜರ್ ಪಕ್ಕದಿಂದ ಸೋರಿಹೋಗುತ್ತದೆ. ಸೆಲ್ಫ್ ತಿರುಗಿಸುವ ನಿಧಾನ ವೇಗಕ್ಕೆ ನಾಝಲ್ ತೆರೆಯುವಷ್ಟು ಒತ್ತಡ ಏಳುವುದಿಲ್ಲ. ಎಂಜಿನ್ ಆರಿರುವಾಗಲೇ ಪಂಪಿನ ಹೆಡ್ (ನಾಝಲ್ ಪೈಪುಗಳು ಹೊರಡುವ ಹಿಂಭಾಗ) ಮೇಲೆ ಒದ್ದೆ ಬಟ್ಟೆ ಸುತ್ತಿ ತಣ್ಣೀರು ಹಾಕಿ, ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ. ತಟ್ಟನೆ ಹಿಡಿದರೆ ಹೆಡ್ ಮತ್ತು ಪ್ಲಂಜರ್ ಹೋಗಿದೆ ಎಂದೇ ಅರ್ಥ. ಓಡುತ್ತಿರುವ ಬಿಸಿ ಪಂಪಿನ ಮೇಲೆ ಮಾತ್ರ ನೀರು ಸುರಿಯಬೇಡಿ, ಜಾಮ್ ಆಗಬಹುದು. ಇನ್ನೊಂದು ಲಕ್ಷಣ ಮುಂದಿನ ಶಾಫ್ಟ್ ಸೀಲ್ ಸೋರುವುದು. ಪಂಪನ್ನು ಕೆಲವು ಎಂಜಿನ್ ಬೆಲ್ಟಿನಿಂದ, ಕೆಲವು ಗೇರಿನಿಂದ ತಿರುಗಿಸುತ್ತವೆ. ಬೆಲ್ಟ್ ಎಂಜಿನ್‌ನಲ್ಲಿ ಡೀಸೆಲ್ ಬೆಲ್ಟ್ ಕವರಿನ ಕೆಳಗೆ ತೊಟ್ಟಿಕ್ಕುತ್ತದೆ. ಗೇರ್ ಎಂಜಿನ್‌ನಲ್ಲಿ ಹೊರಗೇನೂ ಕಾಣುವುದಿಲ್ಲ, ಎಂಜಿನ್ ಆಯಿಲ್ ಮಟ್ಟ ಮಾತ್ರ ಏರುತ್ತಾ ಹೋಗುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಡೀಸೆಲ್ ವಾಸನೆ ಬರುತ್ತದೆ. ಅಂಥ ಗಾಡಿಯನ್ನು ಓಡಿಸುತ್ತಾ ಹೋದರೆ ಬೇರಿಂಗ್ ಹಾಳು. ಮೇಲಿನ ಮುಚ್ಚಳ ಅಥವಾ ಆಕ್ಸಿಲರೇಟರ್ ಶಾಫ್ಟಿನ ಹತ್ತಿರ ಸೋರುತ್ತಿದ್ದರೆ ಪಂಪ್ ಬದಲಿಸಬೇಕಿಲ್ಲ; ಸೀಲ್ ಕಿಟ್ ಸಾಕು.

ಬದಲಿ ಪಂಪ್ ತರುವಾಗ ಪ್ಲೇಟಿನ ಮೇಲಿನ ನಂಬರ್ ಅಕ್ಷರಕ್ಕೆ ಅಕ್ಷರ ಹೊಂದಿಸಿ. ಉದಾಹರಣೆಗೆ ವಿಇ 4/9 ಎಫ್ 2300 ಆರ್ ಎಂದಿದ್ದರೆ, 4 ಸಿಲಿಂಡರ್, 9 ಮಿ.ಮೀ. ಪ್ಲಂಜರ್, ಎಫ್ ಅಂದರೆ ತೂಕದ ಗವರ್ನರ್ (ವೇಗ ಹಿಡಿತದಲ್ಲಿಡುವ ಭಾಗ), 2300 ಪಂಪಿನ ವೇಗ (ನಿಮಿಷಕ್ಕೆ ಸುತ್ತು), ಆರ್ ಅಂದರೆ ಶಾಫ್ಟ್ ಕಡೆಯಿಂದ ನೋಡಿದರೆ ಬಲಕ್ಕೆ ತಿರುಗುವುದು. ಕೊನೆಯಲ್ಲಿ ಎಲ್ ಇದ್ದರೆ ಎಡಕ್ಕೆ. ಹೊರಗೆ ಒಂದೇ ಥರ ಕಾಣುವ ಆರ್ ಪಂಪನ್ನು ಎಲ್ ಗಾಡಿಗೆ ಹಾಕಿದರೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಗೇರ್ ಎಂಜಿನ್ ಮತ್ತು ಬೆಲ್ಟ್ ಎಂಜಿನ್ ನಡುವೆ ಈ ಎಡವಟ್ಟು ಹೆಚ್ಚು. ಟರ್ಬೊ ಇದ್ದರೆ ಪಂಪಿನ ತಲೆಯ ಮೇಲೆ ಡಯಾಫ್ರಮ್ ಡಬ್ಬಿ ಇರಬೇಕು. ಸೊಲೆನಾಯ್ಡ್ 12 ವೋಲ್ಟೋ 24 ವೋಲ್ಟೋ ನೋಡಿ.

ಬಳಸಿದ ಪಂಪಾದರೆ ಇನ್ನಷ್ಟು ಎಚ್ಚರ ಬೇಕು. ಒಳಗುಳಿದ ಡೀಸೆಲ್ಲನ್ನು ಬಿಳಿ ಬಟ್ಟೆಯ ಮೇಲೆ ಬಗ್ಗಿಸಿ. ಬೆಳ್ಳಿಯಂತೆ ಮಿನುಗುವ ಪುಡಿ ಕಂಡರೆ ಅಲ್ಲಿಯೇ ಬಿಟ್ಟುಬನ್ನಿ, ಕಂದು ಬಣ್ಣ ಬಂದರೆ ನೀರು ಹೊಕ್ಕಿದೆ. ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಆಟ ಇರಬಾರದು. ಒಂದು ಸುತ್ತಿನಲ್ಲಿ ನಾಲ್ಕು ಕಡೆ ಬಿಗಿಯಾಗಿ, ನಡುವೆ ಸಡಿಲವಾಗಿ ತಿರುಗಬೇಕು. ಟೆಸ್ಟ್ ಬೆಂಚ್ ಮೇಲೆ ಕೂರಿಸಿ ಅಳತೆ ಬರೆದುಕೊಟ್ಟ ಪಂಪ್ ಸಿಕ್ಕರೆ ನಾನು ಬೇರೆ ಯೋಚಿಸುವುದೇ ಇಲ್ಲ. ಬರೀ ಸೀಲ್ ಬದಲಿಸಿ ಬಣ್ಣ ಹೊಡೆದದ್ದು ರೀಬಿಲ್ಡ್ ಅಲ್ಲ. ಪಂಪಿನ ಜೊತೆಗೆ ಫಿಲ್ಟರ್, ತಾಮ್ರದ ವಾಷರ್‌ಗಳು, ಫ್ಲ್ಯಾಂಜ್‌ನ (ಪಂಪ್ ಎಂಜಿನ್‌ಗೆ ಕೂರುವ ಮುಖ) ಓ-ರಿಂಗ್ ಅಥವಾ ಗ್ಯಾಸ್ಕೆಟ್, ರಿಟರ್ನ್ ಪೈಪ್, ಬೆಲ್ಟ್ ಎಂಜಿನ್ ಆದರೆ ಬೆಲ್ಟ್ ಮತ್ತು ಟೆನ್ಷನರ್ ತಂದಿಟ್ಟುಕೊಳ್ಳಿ. ಡಯಲ್ ಗೇಜ್ (ಮಿಲಿಮೀಟರಿನ ನೂರನೇ ಭಾಗ ಅಳೆಯುವ ಮುಳ್ಳಿನ ಮಾಪಕ), ಅದನ್ನು ಪಂಪಿನ ಹಿಂಬದಿಗೆ ಕೂರಿಸುವ ಅಡಾಪ್ಟರ್, ಗೇರ್ ಪುಲ್ಲರ್, ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪಂಪ್, ಪೈಪ್, ನಾಝಲ್ ಸುತ್ತ ಬ್ರಷ್ ಹಾಕಿ ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆಯಿರಿ. ಪ್ಲಂಜರ್ ಮತ್ತು ಅದರ ಬ್ಯಾರಲ್ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು, ಕಣ್ಣಿಗೆ ಕಾಣದ ಮರಳು ಒಂದು ಕಣ ಹೋದರೂ ಹೊಸ ಪಂಪಿಗೆ ಗೀರು ಬೀಳುತ್ತದೆ. ಬಿಚ್ಚಿದ ಪ್ರತಿ ಬಾಯಿಗೂ ಆ ಕ್ಷಣವೇ ಮುಚ್ಚಳ ಹಾಕಬೇಕು. ಬಾಯಿಗೆ ಬಟ್ಟೆ ತುರುಕಬೇಡಿ, ಅದರ ನೂಲು ನಾಝಲ್‌ವರೆಗೂ ಹೋಗುತ್ತದೆ.

ಕ್ರ್ಯಾಂಕ್ ಪುಲ್ಲಿಯನ್ನು ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ ಒಂದನೇ ಸಿಲಿಂಡರನ್ನು ಕಂಪ್ರೆಷನ್‌ನ ಟಾಪ್‌ಗೆ (ಗಾಳಿ ಒತ್ತಿ ಪಿಸ್ಟನ್ ತುತ್ತತುದಿಗೆ ಬಂದ ಜಾಗ) ತನ್ನಿ. ಪುಲ್ಲಿಯ ಗುರುತು ಎರಡು ಸುತ್ತಿನಲ್ಲಿ ಎರಡು ಸಲ ಬರುತ್ತದೆ, ಆದ್ದರಿಂದ ಅದೊಂದನ್ನೇ ನಂಬಬೇಡಿ. ವಾಲ್ವ್ ಕವರ್ ತೆಗೆದು ನೋಡಿ: ಒಂದನೇ ಸಿಲಿಂಡರಿನ ಎರಡೂ ವಾಲ್ವ್‌ಗಳಿಗೆ ಟ್ಯಾಪೆಟ್ ಆಟ ಇರಬೇಕು, ನಾಲ್ಕನೆಯದರಲ್ಲಿ ಎರಡೂ ರಾಕರ್ ಬಿಗಿದಿರಬೇಕು. ಉಲ್ಟಾ ಇದ್ದರೆ ಇನ್ನೊಂದು ಪೂರ್ತಿ ಸುತ್ತು. ಹಳೆ ಪಂಪಿನ ಫ್ಲ್ಯಾಂಜ್ ಮೇಲೂ ಎಂಜಿನ್ ಕವರಿನ ಮೇಲೂ ಸೇರುವಂತೆ ಒಂದು ಗೀರು ಎಳೆಯಿರಿ. ಇದು ಹೊಸ ಪಂಪನ್ನು ಸುಮಾರಾಗಿ ನಿಲ್ಲಿಸಲು ಮಾತ್ರ.

ನಾಝಲ್ ಪೈಪುಗಳನ್ನು ಕ್ಲಾಂಪ್ ಬಿಚ್ಚದೆ ಒಟ್ಟಾಗಿ ತೆಗೆದರೆ ಸೇರಿಸುವಾಗ ಸುಲಭ. ಪಂಪಿನ ಕಡೆಯ ನಟ್ ಸಡಿಲಿಸುವಾಗ ಕೆಳಗಿನ ಡೆಲಿವರಿ ವಾಲ್ವ್ ಹೋಲ್ಡರನ್ನು ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದುಕೊಳ್ಳಿ. ಅದು ತಿರುಗಿದರೆ ಒಳಗಿನ ವಾಷರ್ ಸೀಲ್ ಹೋಗಿ, ಸೇರಿಸಿದ ಮೇಲೆ ಅಲ್ಲಿಂದಲೇ ಸೋರುತ್ತದೆ. ನಾಲ್ಕು ಪೈಪಿನ ಉದ್ದವೂ ಒಂದೇ, ಅದಕ್ಕೇ ಅವು ಸುತ್ತಿ ಬಳಸಿ ಬರುತ್ತವೆ. ಬಗ್ಗಿಸಿ ನೆಟ್ಟಗೆ ಮಾಡಲು ಹೋಗಬೇಡಿ.

ಇಲ್ಲಿ ಒಂದು ಸಣ್ಣ ವಸ್ತುವಿನ ಬಗ್ಗೆ ನಿಂತು ಹೇಳಲೇಬೇಕು. ಡೀಸೆಲ್ ಒಳಗೆ ಬರುವ ಬ್ಯಾಂಜೋ ಬೋಲ್ಟ್ (ಒಳಗಿನ ತೂತಿನಿಂದ ಡೀಸೆಲ್ ಹರಿಯುವ ಬೋಲ್ಟ್) ಮತ್ತು ರಿಟರ್ನ್ ಬ್ಯಾಂಜೋ ಬೋಲ್ಟ್ ಅಕ್ಕಪಕ್ಕ ಇಟ್ಟರೆ ಅವಳಿ ಥರ ಕಾಣುತ್ತವೆ. ರಿಟರ್ನ್ ಬೋಲ್ಟ್ ತಲೆಯ ಮೇಲೆ ಔಟ್ ಎಂದು ಇಂಗ್ಲಿಷಿನಲ್ಲಿ ಕೊರೆದಿರುತ್ತದೆ, ಅದರ ಒಳಗಿನ ತೂತು ಸೂಜಿಯಷ್ಟು ಸಣ್ಣದು. ಪಂಪಿನೊಳಗೆ ಒತ್ತಡ ನಿಲ್ಲುವುದೇ ಆ ತೂತಿನಿಂದ, ಆ ಒತ್ತಡದಿಂದಲೇ, ವೇಗ ಏರಿದಂತೆ ಡೀಸೆಲ್ ಮುಂಚೆ ಹೊಡೆಯಿಸುವ ಅಡ್ವಾನ್ಸ್ ಪಿಸ್ಟನ್ ಕೆಲಸ ಮಾಡುತ್ತದೆ. ಎರಡನ್ನೂ ಅದಲು ಬದಲು ಹಾಕಿದರೆ ಒಳಗೆ ಡೀಸೆಲ್ ಸಾಲದು, ರಿಟರ್ನ್‌ನಲ್ಲಿ ಒತ್ತಡ ನಿಲ್ಲದು. ಗಾಡಿ ಸ್ಲೋದಲ್ಲಿ ಓಡಿದರೂ ಎಳೆತ ಇರುವುದಿಲ್ಲ. ಹೊಸ ಪಂಪ್ ತಂದು ಹಾಕಿದರೂ ಪಿಕಪ್ ಇಲ್ಲ ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಇದನ್ನೇ.

ಗೇರ್ ಎಂಜಿನ್‌ನಲ್ಲಿ ಟೈಮಿಂಗ್ ಕವರಿನ ಮುಂದಿನ ಸಣ್ಣ ಮುಚ್ಚಳ ತೆಗೆದು ಶಾಫ್ಟ್ ನಟ್ ಬಿಚ್ಚಬೇಕು. ನಟ್ ಮತ್ತು ವಾಷರ್ ಕೆಳಗೆ ಗೇರ್‌ಗಳ ನಡುವೆ ಬಿದ್ದರೆ ಇಡೀ ಮುಂಭಾಗ ಬಿಚ್ಚಬೇಕಾಗುತ್ತದೆ. ಗೇರ್ ಕೆಳಗೆ ಒಂದು ಬಟ್ಟೆ ಒತ್ತಿಟ್ಟು, ಸ್ಪ್ಯಾನರ್ ಬಾಯಿಗೆ ಗ್ರೀಸ್ ಹಚ್ಚಿ ಬಿಚ್ಚಿ. ಕೆಲಸ ಮುಗಿದ ಮೇಲೆ ಆ ಬಟ್ಟೆ ಎಳೆದುಕೊಳ್ಳಲು ಮರೆಯಬೇಡಿ. ಶಾಫ್ಟ್ ಟೇಪರ್ (ತುದಿಗೆ ಸಣ್ಣಗಾಗುತ್ತಾ ಹೋಗುವುದು) ಆಗಿರುವುದರಿಂದ ಗೇರ್ ಕಚ್ಚಿರುತ್ತದೆ. ಪುಲ್ಲರ್ ಹಾಕಿ ಬಿಗಿ ಮಾಡಿ, ಟಪ್ ಎಂದು ಬಿಡುತ್ತದೆ. ಸುತ್ತಿಗೆಯಿಂದ ಶಾಫ್ಟ್ ತುದಿಗೆ ಹೊಡೆದರೆ ಒಳಗಿನ ಕ್ಯಾಮ್ ಪ್ಲೇಟ್ ಮತ್ತು ಬೇರಿಂಗ್‌ಗೆ ಏಟು. ಪಂಪ್ ಹಿಂದೆ ಸರಿದಾಗ ಗೇರ್ ತನ್ನ ಜಾಗದಲ್ಲೇ ನಿಲ್ಲಬೇಕು, ಒಂದು ಹಲ್ಲು ಜಾರಿದರೂ ಟೈಮಿಂಗ್ ಹೋಯಿತು. ಬೆಲ್ಟ್ ಎಂಜಿನ್‌ನಲ್ಲಿ ಬೆಲ್ಟ್ ತೆಗೆದ ತಕ್ಷಣ ಪಂಪ್ ಪುಲ್ಲಿ ಸ್ಪ್ರಿಂಗ್ ಒತ್ತಡಕ್ಕೆ ಚಿಮ್ಮಿ ತಿರುಗುತ್ತದೆ. ಬೆರಳು ದೂರ ಇಡಿ, ಲಾಕ್ ಪಿನ್ ಅಥವಾ ಬೋಲ್ಟ್ ಇದ್ದರೆ ಮೊದಲೇ ಹಾಕಿ.

ಹೊಸ ಪಂಪಿಗೆ ಒಳಬರುವ ಬಾಯಿಯಿಂದ ಸೋಸಿದ ಡೀಸೆಲ್ ತುಂಬಿಸಿ, ಶಾಫ್ಟ್ ಕೈಯಿಂದ ನಾಲ್ಕಾರು ಸುತ್ತು ತಿರುಗಿಸಿ. ಒಣ ಪಂಪನ್ನು ಸೆಲ್ಫ್‌ನಲ್ಲಿ ತಿರುಗಿಸಿದರೆ ಅದರ ಸವೆತ ಆಗಲೇ ಶುರು, ಏಕೆಂದರೆ ಒಳಗಿನ ಎಲ್ಲದಕ್ಕೂ ಡೀಸೆಲ್ಲೇ ಎಣ್ಣೆ. ಟೇಪರ್ ಮಾತ್ರ ಒಣಗಿರಬೇಕು, ಅಲ್ಲಿ ಎಣ್ಣೆ ಇದ್ದರೆ ಹಿಡಿತ ಸಿಗದೆ ಶಾಫ್ಟ್ ಮತ್ತು ಗೇರ್ ನಡುವಿನ ಲೋಹದ ಕೀ ತುಂಡಾಗುತ್ತದೆ. ಕೀ ಸರಿಯಾಗಿ ಕೂತಿದೆಯೆಂದು ಕಣ್ಣಾರೆ ನೋಡಿ ಗೇರ್ ಒಳಗೆ ತಳ್ಳಿ, ನಟ್ ಹಾಕಿ ಮ್ಯಾನುಯಲ್ ಹೇಳಿದ ಟಾರ್ಕ್ ಕೊಡಿ. ಫ್ಲ್ಯಾಂಜ್ ನಟ್‌ಗಳನ್ನು ಪಂಪ್ ಕೈಯಿಂದ ತಿರುಗುವಷ್ಟು ಮಾತ್ರ ಬಿಗಿ ಮಾಡಿ ಬಿಡಿ.

ಈಗ ನಿಜವಾದ ಕೆಲಸ. ಪಂಪಿನ ಹಿಂಬದಿ, ನಾಲ್ಕು ಔಟ್‌ಲೆಟ್‌ಗಳ ನಡುವೆ ಒಂದು ಸಣ್ಣ ಪ್ಲಗ್ ಬೋಲ್ಟ್ ಇದೆ. ಅದನ್ನು ತೆಗೆದು ಅಡಾಪ್ಟರ್ ಜೊತೆ ಡಯಲ್ ಗೇಜ್ ಕೂರಿಸಿ, ಮುಳ್ಳು ಒಂದೆರಡು ಮಿ.ಮೀ. ಒತ್ತಿರಲಿ. ಕೋಲ್ಡ್ ಸ್ಟಾರ್ಟ್ ಅಡ್ವಾನ್ಸ್ ಲಿವರ್ ಇದ್ದರೆ ಅದು ಬಿಡುಗಡೆಯಾಗಿರಬೇಕು. ಮೇಣದ ಕ್ಯಾಪ್ಸೂಲ್ ಇರುವ ಪಂಪುಗಳಲ್ಲಿ ಎಂಜಿನ್ ತಣ್ಣಗಿದ್ದಾಗ ಅದು ತಳ್ಳಿಕೊಂಡೇ ಇರುತ್ತದೆ, ನಡುವೆ ಮ್ಯಾನುಯಲ್ ಹೇಳುವ ದಪ್ಪದ ತುಂಡು ಇಟ್ಟು ಹಿಂದೆ ಸರಿಸಬೇಕು. ಇದನ್ನು ಬಿಟ್ಟರೆ ಅಳತೆಯೆಲ್ಲ ಸುಳ್ಳು.

ಕ್ರ್ಯಾಂಕನ್ನು ಟಾಪ್‌ನಿಂದ 25–30 ಡಿಗ್ರಿ ಹಿಂದಕ್ಕೆ ತಿರುಗಿಸಿ. ಗೇಜ್ ಮುಳ್ಳು ಇಳಿಯುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಅಲ್ಲಿ ಕ್ರ್ಯಾಂಕನ್ನು ಸ್ವಲ್ಪ ಆಚೆ ಈಚೆ ಆಡಿಸಿದರೂ ಮುಳ್ಳು ಕದಲದಿದ್ದರೆ ಪ್ಲಂಜರ್ ಪೂರ್ತಿ ಕೆಳಗಿದೆ. ಡಯಲನ್ನು ಸೊನ್ನೆಗೆ ತಿರುಗಿಸಿ. ಇನ್ನು ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ಗುರುತಿಗೆ ತನ್ನಿ. ಗುರುತು ದಾಟಿದರೆ ಅಷ್ಟನ್ನೇ ಹಿಂದಕ್ಕೆ ತರಬೇಡಿ. ಗೇರ್ ಸಂದಿನ ಆಟ ಅಳತೆಯಲ್ಲಿ ಸೇರಿಬಿಡುತ್ತದೆ. ಮತ್ತೆ 30 ಡಿಗ್ರಿ ಹಿಂದೆ ಹೋಗಿ ಬನ್ನಿ. ಮುಳ್ಳು ತೋರಿಸುವುದೇ ಪ್ಲಂಜರ್ ಲಿಫ್ಟ್. ಕೆಲವು ಎಂಜಿನ್‌ಗಳಲ್ಲಿ ಓದುವುದು ಟಾಪ್‌ನಲ್ಲಿ, ಕೆಲವದರಲ್ಲಿ ಟಾಪ್‌ಗಿಂತ ಮುಂಚಿನ ಗುರುತಿನಲ್ಲಿ. ಎಷ್ಟಿರಬೇಕು ಎಂಬುದನ್ನು ಆ ಎಂಜಿನ್ನಿನ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಿ, ಮಿಲಿಮೀಟರಿನ ನೂರನೇ ಭಾಗದವರೆಗೆ ಕೊಟ್ಟಿರುತ್ತಾರೆ. ಲಿಫ್ಟ್ ಕಡಿಮೆ ಬಂದರೆ ಪಂಪ್ ಬಾಡಿಯನ್ನು ಶಾಫ್ಟ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿ, ಹೆಚ್ಚಿದ್ದರೆ ಅದೇ ದಿಕ್ಕಿಗೆ. ನಟ್ ಬಿಗಿ ಮಾಡುವಾಗಲೂ ಪಂಪ್ ಒಂದಿಷ್ಟು ಸರಿಯುತ್ತದೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಕಿವಿಯಿಂದ ಕೇಳಿ ಟೈಮಿಂಗ್ ಹೊಂದಿಸುವವರಿದ್ದಾರೆ. ತುಸು ಕಟಕಟ ಅಂದರೆ ಪಿಕಪ್ ಚೆನ್ನಾಗಿದೆ ಎಂದುಕೊಂಡು ಅಡ್ವಾನ್ಸ್ ಹೆಚ್ಚಿಸಿಬಿಡುತ್ತಾರೆ. ಆಮೇಲೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಗಾಳಿ ತೆಗೆಯುವುದಕ್ಕೆ ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿ. ರಿಟರ್ನ್ ಬೋಲ್ಟ್ ಸಡಿಲಿಸಿ ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ. ಬ್ಯಾಟರಿ ಜೋಡಿಸಿ, ಸೊಲೆನಾಯ್ಡ್ ವೈರ್ ನೋಡಿ, ನಾಝಲ್ ಕಡೆಯ ನಟ್‌ಗಳನ್ನು ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ 10–15 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಒಂದು ನಿಮಿಷ ಮೋಟರ್ ಆರಲಿ, ಮತ್ತೆ ಹೊಡೆಯಿರಿ. ಯಾವುದರಲ್ಲಿ ಡೀಸೆಲ್ ಚಿಮ್ಮಿತೋ ಅದನ್ನು ಬಿಗಿ ಮಾಡುತ್ತಾ ಹೋಗಿ. ಎರಡು ಸಿಲಿಂಡರ್ ಹಿಡಿದರೆ ಎಂಜಿನ್ ಕುಂಟುತ್ತಾ ಎದ್ದುಕೊಳ್ಳುತ್ತದೆ, ತಕ್ಷಣ ಕಾಲು ತೆಗೆಯಿರಿ. ಸೋರಿಕೆಯನ್ನು ಬೆರಳಿಂದ ಮುಟ್ಟಿ ಹುಡುಕಬೇಡಿ, ರಟ್ಟು ಹಿಡಿದು ನೋಡಿ. ಆ ಒತ್ತಡದಲ್ಲಿ ಡೀಸೆಲ್ ಚರ್ಮ ತೂರಿ ಒಳಹೋದರೆ ಮೇಲೆ ಚುಕ್ಕೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕು. ಸಿಲಿಂಡರನ್ನು ಒಳಗಿನಿಂದ ಕಾಯಿಸುವ ಗ್ಲೋ ಪ್ಲಗ್ ಇರುವ ಎಂಜಿನ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಲೇಬೇಡಿ. ಮೊದಲ ಸ್ಟಾರ್ಟ್‌ಗೆ ಏರ್ ಫಿಲ್ಟರ್ ಪೈಪ್ ಬಿಚ್ಚಿ, ಬಾಯಿ ಮುಚ್ಚುವಷ್ಟು ಅಗಲದ ಹಲಗೆ ಕೈಗೆ ಸಿಗುವಂತೆ ಇಟ್ಟಿರಿ. ಗವರ್ನರ್ ತಪ್ಪಾಗಿ ಜೋಡಿಸಿದ ಪಂಪ್ ಆದರೆ ಎಂಜಿನ್ ತಾನಾಗಿ ವೇಗ ಏರಿಸಿಕೊಂಡು ಹೋಗುತ್ತದೆ. ಆಗ ಕೀ ಆಫ್ ಮಾಡಿ, ಹಲಗೆಯಿಂದ ಗಾಳಿ ಮುಚ್ಚಬೇಕು. ಕೈಯಿಂದ ಅಲ್ಲ.

ಸ್ಟಾರ್ಟ್ ಆಗದೆ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಹೋಗುತ್ತಿದೆ, ಹೊತ್ತಲ್ಲದ ಹೊತ್ತಿಗೆ ಹೋಗುತ್ತಿದೆ: ಒಂದು ಹಲ್ಲು ಜಾರಿದೆ, ಇಲ್ಲವೇ ಟಾಪ್ ಗುರುತು ಕಂಪ್ರೆಷನ್ ಬದಲು ಎಕ್ಸಾಸ್ಟ್‌ನದ್ದು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಸೊಲೆನಾಯ್ಡ್ ಅಥವಾ ಗಾಳಿ. ಓಡುತ್ತಿದ್ದು ಕುಂಟಿದರೆ ಒಂದೊಂದೇ ನಾಝಲ್ ನಟ್ ಸಡಿಲಿಸಿ ನೋಡಿ. ಯಾವುದನ್ನು ಬಿಚ್ಚಿದರೆ ಶಬ್ದ ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಪೈಪುಗಳು ಪಂಪ್ ತಿರುಗುವ ದಿಕ್ಕಿನಲ್ಲಿ 1-3-4-2 ಕ್ರಮದಲ್ಲಿವೆಯೇ ಎಂದೂ ಎಣಿಸಿ.

ಎಂಜಿನ್ ಬಿಸಿಯಾದ ಮೇಲೆ ಐಡಲ್ ಸ್ಕ್ರೂ ಹೊಂದಿಸಿ. ಗರಿಷ್ಠ ಡೀಸೆಲ್ ಹೊಂದಿಸುವ, ಸೀಲ್ ಹಾಕಿದ ಫುಲ್ ಲೋಡ್ ಸ್ಕ್ರೂ ಮುಟ್ಟಬೇಡಿ. ಹಳೆ ಪಂಪಿನಲ್ಲಿ ಲೋಹದ ಪುಡಿ ಕಂಡಿದ್ದರೆ ಟ್ಯಾಂಕ್ ಇಳಿಸಿ ತೊಳೆಯಿರಿ, ಪೈಪಿಗೆ ಗಾಳಿ ಹೊಡೆಯಿರಿ, ನಾಲ್ಕೂ ನಾಝಲ್ ಟೆಸ್ಟರ್‌ಗೆ ಕೊಡಿ. ಗೇರ್ ಎಂಜಿನ್‌ನಲ್ಲಿ ಡೀಸೆಲ್ ಬೆರೆತ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಗಾಡಿ ಸ್ಟಾರ್ಟ್ ಮಾಡುವ ಮುಂಚೆಯೇ ಬದಲಾಗಬೇಕು. ಮರುದಿನ ತಣ್ಣಗಿರುವಾಗ ಎಲ್ಲ ನಟ್‌ಗಳ ಬುಡ ಒಣಬಟ್ಟೆಯಲ್ಲಿ ಒರೆಸಿ ನೋಡಿ, ಪಸೆ ಕಂಡಲ್ಲಿ ತಾಮ್ರದ ವಾಷರ್ ಬದಲಿಸಿ.