ಪ್ಲಾಸ್ಟರ್ ಬಿಚ್ಚಿದ ಮೇಲೆ ಮುಂದುವರಿಯಬೇಕಾದ ಚಿಕಿತ್ಸೆ

ಗದಗಿನಲ್ಲಿ ಎಲುಬು-ಕೀಲು ವೈದ್ಯನಾಗಿರುವ ನನ್ನ ಬಳಿಗೆ ಅರವತ್ತು ದಾಟಿದ ಹೆಣ್ಣುಮಕ್ಕಳು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡು ಬಂದಾಗ, ಅದು ಇಷ್ಟು ಸುಲಭವಾಗಿ ಏಕೆ ಮುರಿಯಿತು ಎಂಬುದನ್ನು ಅಂದೇ ವಿಚಾರಿಸತೊಡಗುತ್ತೇನೆ. ಕೈ ಕೂಡಿಕೊಂಡರೆ ಚಿಕಿತ್ಸೆ ಮುಗಿಯಿತು ಎಂದು ಮನೆಯವರು ಭಾವಿಸುತ್ತಾರೆ. ಆದರೆ ಮುಂದೆ ಬೆನ್ನೆಲುಬು ಅಥವಾ ಸೊಂಟ ಮುರಿಯದಂತೆ ತಡೆಯುವ ಕೆಲಸ ಆಗಿನ್ನೂ ಶುರುವಾಗಿರುತ್ತದೆ.

ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಎಲುಬಿಗೆ ಹೋಲಿಸಿ ಕೊಡುವ ಅಂಕಿ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಸವೆದು ಟೊಳ್ಳಾಗುವ ರೋಗ, ಇದೆ ಎಂದರ್ಥ. ಸಣ್ಣ ಪೆಟ್ಟಿಗೇ ಸೊಂಟ ಅಥವಾ ಬೆನ್ನೆಲುಬು ಮುರಿದಿದ್ದರೆ ಚಿಕಿತ್ಸೆ ಶುರುಮಾಡಲು ಆ ಅಂಕಿಗಾಗಿ ನಾನು ಕಾಯುವುದಿಲ್ಲ. ಔಷಧಕ್ಕೆ ಮುನ್ನ ಕ್ಯಾಲ್ಸಿಯಂ, ವಿಟಮಿನ್ ಡಿ, ಥೈರಾಯ್ಡ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಇವುಗಳನ್ನು ರಕ್ತಪರೀಕ್ಷೆಯಲ್ಲಿ ನೋಡುತ್ತೇನೆ. ಈ ಔಷಧಗಳಲ್ಲಿ ಕೆಲವನ್ನು ತೆಗೆದುಕೊಳ್ಳುವಾಗ ಹಲ್ಲು ಕಿತ್ತರೆ ಅಪರೂಪಕ್ಕೆ ದವಡೆಯ ಎಲುಬು ಮಾಯದೆ ಉಳಿಯುವುದರಿಂದ, ಕೀಳಬೇಕಾದ ಹಲ್ಲಿದ್ದರೆ ಅದನ್ನು ಮೊದಲೇ ತೆಗೆಸಿಕೊಂಡು ಬರಲು ಹೇಳುತ್ತೇನೆ.

ಹೆಚ್ಚಿನವರಿಗೆ ನಾನು ಮೊದಲು ಕೊಡುವುದು ಎಲುಬಿನ ಸವೆತ ತಡೆಯುವ, ವಾರಕ್ಕೊಮ್ಮೆ ನುಂಗುವ 70 ಮಿಲಿಗ್ರಾಂ ಅಲೆಂಡ್ರೊನೇಟ್ ಮಾತ್ರೆ. ಬೆಲೆ ಕೈಗೆಟಕುವಂಥದ್ದು, ಆದರೆ ಕಟ್ಟುನಿಟ್ಟು ಬಹಳ. ಬರಿ ಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನೊಂದಿಗೆ ನುಂಗಿ, ಅರ್ಧ ತಾಸು ಏನನ್ನೂ ಸೇವಿಸದೆ, ಮಲಗದೆ ಇರಬೇಕು. ಚಹಾ, ಹಾಲು ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ತೆಗೆದುಕೊಂಡರೆ ಅದು ಮೈಗೆ ಹತ್ತುವುದೇ ಇಲ್ಲ. ಮಲಗಿದರೆ ಅನ್ನನಾಳ ಸುಟ್ಟಂತಾಗಿ ಹುಣ್ಣಾಗಬಹುದು. "ಎದ್ದ ಕೂಡ್ಲೇ ಚಾ ಕುಡೀಲಿಲ್ಲಂದ್ರ ತಲಿ ನೋಯ್ತೈತ್ರಿ ಸಾಹೇಬ್ರ" ಎನ್ನುವವರೇ ಹೆಚ್ಚು. ಅಂಥವರಿಗೆ ಮನೆದೇವರ ವಾರದಂದೇ ಮಾತ್ರೆ ನುಂಗಲು ಹೇಳುತ್ತೇನೆ. ಅಂದು ಸ್ನಾನ, ಪೂಜೆ ಮುಗಿಯುವವರೆಗೆ ಅವರು ಹೇಗೂ ಏನನ್ನೂ ಮುಟ್ಟುವುದಿಲ್ಲ, ದಿನವೂ ಮರೆಯುವುದಿಲ್ಲ.

ಹೊಟ್ಟೆಗೆ ಒಗ್ಗದವರಿಗೆ ವರ್ಷಕ್ಕೊಮ್ಮೆ 5 ಮಿಲಿಗ್ರಾಂ ಜೊಲೆಡ್ರೊನಿಕ್ ಆಮ್ಲವನ್ನು ಸಲೈನಿನಂತೆ ಏರಿಸುತ್ತೇನೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಇದು ಸಲ್ಲದು. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರುವುದುಂಟು; ಮೊದಲೇ ಹೇಳಿದ್ದರೆ ಯಾರೂ ಗಾಬರಿಯಾಗುವುದಿಲ್ಲ.

ನನ್ನನ್ನು ಅತ್ಯಂತ ಚಿಂತೆಗೀಡುಮಾಡುವುದು ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮ್ಯಾಬ್. ಔಷಧ ಒಳ್ಳೆಯದೇ. ಆದರೆ ನೋವಿಲ್ಲವೆಂದು ನಡುವೆ ಬಿಟ್ಟರೆ ಗಳಿಸಿದ ಸಾಂದ್ರತೆ ಬೇಗನೆ ಕರಗಿ, ಬೆನ್ನಿನ ಹಲವು ಎಲುಬುಗಳು ಒಟ್ಟಿಗೇ ಕುಸಿಯಬಹುದು. ಆದ್ದರಿಂದ ಮುಂದಿನ ತಾರೀಖನ್ನು ಫೈಲಿನಲ್ಲಿಯೂ ಮಗನ ಅಥವಾ ಸೊಸೆಯ ಮೊಬೈಲಿನಲ್ಲಿಯೂ ಬರೆಸುತ್ತೇನೆ. ನಿಲ್ಲಿಸುವುದೇ ಆದರೆ ಬೇರೆ ಔಷಧ ಹಿಡಿಸಿಯೇ ನಿಲ್ಲಿಸುತ್ತೇನೆ. ತೀವ್ರವಾಗಿ ಸವೆದವರಿಗೆ ದಿನವೂ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್ ಹೊಸ ಎಲುಬನ್ನೇ ಕಟ್ಟುತ್ತದೆ, ಖರ್ಚು ಮಾತ್ರ ದೊಡ್ಡದು.

ಊಟದ ಮಾತೂ ಇದೆ. ಮುಟ್ಟು ನಿಂತ ಹೆಣ್ಣುಮಕ್ಕಳಿಗೆ ದಿನಕ್ಕೆ ಸುಮಾರು 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ 340ಕ್ಕೂ ಹೆಚ್ಚು ಮಿಲಿಗ್ರಾಂ ಇದ್ದರೆ ನಮ್ಮ ಜೋಳದಲ್ಲಿ ಮೂವತ್ತರ ಒಳಗೇ ಇದೆ. ರೊಟ್ಟಿ ಬಿಡಿ ಎಂದು ನಾನು ಹೇಳುವುದಿಲ್ಲ. ಜೊತೆಗೆ ಗಟ್ಟಿ ಮೊಸರು, ಎಳ್ಳಿನ ಚಟ್ನಿಪುಡಿ, ಸೊಪ್ಪಿನ ಪಲ್ಯ ಇರಲಿ, ಸಂಜೆ ರಾಗಿ ಅಂಬಲಿ ಇರಲಿ ಎನ್ನುತ್ತೇನೆ. ದಿನವೂ ಚುರುಕಾಗಿ ನಡೆಯಬೇಕು. ಬೆನ್ನೆಲುಬು ಕುಸಿದಿರುವವರು ಬಾಗಿ ಕೊಡ ಎತ್ತುವುದನ್ನು ಬಿಡಲೇಬೇಕು.

ಒಂದೆರಡು ವರ್ಷಕ್ಕೆ ಡೆಕ್ಸಾವನ್ನು ಸಾಧ್ಯವಾದಷ್ಟು ಅದೇ ಯಂತ್ರದಲ್ಲಿ ಮತ್ತೆ ಮಾಡಿಸುತ್ತೇನೆ. ಮಾತ್ರೆ ಐದು ವರ್ಷ ಅಥವಾ ಸಲೈನು ಮೂರು ವರ್ಷ ಆದ ಮೇಲೆ, ಅಪಾಯ ಕಡಿಮೆಯಿದ್ದವರಿಗೆ ಬಿಡುವು ಕೊಡುವ ಯೋಚನೆ ಮಾಡಬಹುದು. ದೀರ್ಘಕಾಲ ಔಷಧ ತೆಗೆದುಕೊಂಡವರಿಗೆ ಬೀಳದೆಯೇ ತೊಡೆ ಅಥವಾ ತೊಡೆಸಂದಿ ನೋಯತೊಡಗಿದರೆ, ಅದು ತೊಡೆಯ ಎಲುಬು ಬಿರುಕು ಬಿಡುತ್ತಿರುವ ಅಪರೂಪದ ಅಡ್ಡಪರಿಣಾಮವಿರಬಹುದು; ತಡಮಾಡದೆ ಬಂದು ಎರಡೂ ತೊಡೆಗಳ ಎಕ್ಸ್‌ರೇ ತೆಗೆಸಬೇಕು.