ಕರಗುವ ಸ್ಟೆಂಟ್ ಹಾಕುತ್ತಾ ನಾನು ಕಲಿತದ್ದು

"ಡಾಕ್ಟ್ರೇ, ಆ ಕರಗೋದೇ ಹಾಕಿಬಿಡಿ."

2013–14ರಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೆನೋ. ಸ್ಟೆಂಟ್ ಅಂದರೆ ಕಟ್ಟಿಕೊಂಡ ಹೃದಯದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ. ಎದೆಯೊಳಗೆ ಜೀವನಪೂರ್ತಿ ಲೋಹದ ಜಾಲರಿ ಇಟ್ಟುಕೊಳ್ಳೋದು ಯಾರಿಗೂ ಇಷ್ಟ ಇಲ್ಲ. ನಿಜ ಹೇಳ್ತೀನಿ, ನನಗೂ ಆ ಯೋಚನೆ ಹಿಡಿಸಿತ್ತು. ಆರ್‌ಸಿಸಿ ಹಾಕುವಾಗ ಸೆಂಟ್ರಿಂಗ್ ಕೊಟ್ಟು, ಗಟ್ಟಿಯಾದ ಮೇಲೆ ಬಿಚ್ಚುತ್ತೇವಲ್ಲ, ಹಾಗೆ. ನಾಳ ವಾಸಿಯಾಗುವವರೆಗೆ ಆಸರೆ, ಆಮೇಲೆ ಖಾಲಿ.

ಆಗ ಬಂದಿದ್ದು ಪಾಲಿಲ್ಯಾಕ್ಟೈಡ್ ಎಂಬ ಪಾಲಿಮರ್‌ನ ಸ್ಟೆಂಟ್, ಹೆಸರು ಅಬ್ಸಾರ್ಬ್. ಕರಗುವ ಹೊಲಿಗೆ ದಾರದ ಜಾತಿಯದೇ ವಸ್ತು. ಮೈಯೊಳಗೆ ನಿಧಾನವಾಗಿ ಲ್ಯಾಕ್ಟಿಕ್ ಆಸಿಡ್ ಆಗಿ, ಕೊನೆಗೆ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಪೂರ್ತಿ ಹೋಗಲು ಸುಮಾರು 3 ವರ್ಷ ಬೇಕು. ಆದರೆ ಪಾಲಿಮರ್‌ಗೆ ಲೋಹದ ಬಲ ಇಲ್ಲ. ಅದಕ್ಕೇ ಅದರ ಎಳೆಗಳನ್ನು ದಪ್ಪ ಮಾಡಿದ್ದರು, ಸುಮಾರು 150 ಮೈಕ್ರಾನ್, ಅಂದರೆ 0.15 ಮಿಲಿಮೀಟರ್. ಒಳ್ಳೆಯ ಲೋಹದ ಸ್ಟೆಂಟ್‌ನ ಎಳೆ 80ರ ಆಸುಪಾಸು. ಮೂರು ಮಿಲಿಮೀಟರ್ ಅಗಲದ ನಾಳದಲ್ಲಿ ಇದು ಸಣ್ಣ ವಿಷಯವಲ್ಲ. ಎಳೆ ಗೋಡೆಗೆ ಸರಿಯಾಗಿ ಕೂರದಿದ್ದರೆ ರಕ್ತ ಅಲ್ಲಿ ಸುಳಿ ಸುತ್ತಿ ಹೆಪ್ಪುಗಟ್ಟುತ್ತದೆ.

ಇದೆಲ್ಲ ಓದಿ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ ಅಷ್ಟೆ.

ನಲವತ್ತು ದಾಟಿದ ಒಬ್ಬ ಅಡಿಕೆ ಬೆಳೆಗಾರರಿಗೆ ಹೃದಯದ ಮುಂಭಾಗದ ನಾಳದಲ್ಲಿ ಒಂದು ಹಾಕಿದ್ದೆ. ಅಳತೆಯನ್ನು ಕಣ್ಣಂದಾಜಿನಲ್ಲೇ ತೆಗೆದುಕೊಂಡೆ. ಹಾಕಿದ ಮೇಲೆ ಇನ್ನೊಂದು ಬಲೂನ್‌ನಿಂದ ಒತ್ತಿ ಕೂರಿಸಬೇಕಿತ್ತು. ಮುರಿದುಬಿಟ್ಟರೆ ಅಂತ ಹೆದರಿ ಬಿಟ್ಟೆ. ಆಂಜಿಯೋದಲ್ಲಿ ಚಂದವೇ ಕಾಣಿಸಿತು. ಹದಿನಾಲ್ಕು ತಿಂಗಳಾದ ಮೇಲೆ ಅವರು ಹಲ್ಲು ಕೀಳಿಸಲು ಎರಡೂ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದರು. ಐದನೇ ದಿನ ಮಧ್ಯರಾತ್ರಿ ಎದೆನೋವು. ಹೆಪ್ಪು ತೆಗೆದು, ಬೆಳಕಿನಿಂದ ನಾಳದ ಒಳಗೋಡೆ ತೋರಿಸುವ ಓಸಿಟಿ ಕ್ಯಾಮೆರಾ ಬಿಟ್ಟು ನೋಡಿದರೆ ಸ್ಟೆಂಟ್ ಒಂದು ಕಡೆ ಪೂರ್ತಿ ಬಿಚ್ಚಿಕೊಂಡೇ ಇರಲಿಲ್ಲ. ಅದರೊಳಗೆ ಲೋಹದ್ದು ಹಾಕಿ ಮುಗಿಸಿದೆವು. ಬದುಕಿದರು. ಮಾತ್ರೆ ಬಿಟ್ಟದ್ದು ಅವರ ತಪ್ಪು ಅಂತ ಬರೆದು ಫೈಲ್ ಮುಚ್ಚಬಹುದಿತ್ತು. "ಅದು ಅಷ್ಟೊತ್ತಿಗೆ ಕರಗಿರುತ್ತೆ ಅಂದ್ಕೊಂಡೆ ಸಾರ್" ಅಂದರು. ಮೂರು ವರ್ಷ ಅಂತ ನಾನು ಒತ್ತಿ ಹೇಳಿಯೇ ಇರಲಿಲ್ಲ.

ಆಮೇಲೆ ಕೆಲಸದ ರೀತಿ ಬದಲಾಯಿಸಿದೆ. ಎರಡೂವರೆ ಮಿಲಿಮೀಟರ್‌ಗಿಂತ ಸಣ್ಣ ನಾಳವಾದರೆ ಬೇಡವೇ ಬೇಡ. ಸುಣ್ಣಗಟ್ಟಿದ ನಾಳವೂ ಬೇಡ. ಮೊದಲು ನಾಳದಷ್ಟೇ ಅಗಲದ ಬಲೂನ್‌ನಿಂದ ದಾರಿ ಬಿಡಿಸುವುದು. ಆಮೇಲೆ ಸ್ಟೆಂಟನ್ನು ಹಿಗ್ಗಿಸುವುದು, ಅದೂ 5 ಸೆಕೆಂಡಿಗೆ 2 ಅಟ್ಮಾಸ್ಫಿಯರ್ ಒತ್ತಡದಂತೆ. ಬಲೂನ್ ಉಬ್ಬಿಸುವ ಹಿಡಿಕೆಯನ್ನು ಲೋಹದ್ದಾದರೆ ಸರ್ರನೆ ತಿರುಗಿಸಿ ಮುಗಿಸುತ್ತೇವೆ. ಸಿಸ್ಟರ್ ಪಕ್ಕದಲ್ಲಿ ನಿಂತು "ಒಂದು, ಎರಡು, ಮೂರು..." ಎಣಿಸುತ್ತಿದ್ದರು. ಐದಕ್ಕೆ ಒಂದು ಚೂರು ತಿರುಗಿಸು, ಮತ್ತೆ ನಿಲ್ಲು. ಕೈ ತುರಿಸುತ್ತದೆ, ಅಷ್ಟು ನಿಧಾನ. ಕೊನೆಗೆ ಗಟ್ಟಿ ಬಲೂನ್‌ನಿಂದ ಒತ್ತುವುದು. ಸ್ಟೆಂಟ್ ಅಳತೆಗಿಂತ ಅರ್ಧ ಮಿಲಿಮೀಟರ್ ಮೀರಿದರೆ ಮುರಿಯುವ ಭಯ. ಮತ್ತೆ ಓಸಿಟಿ. ಮಾತ್ರೆಯ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ: ನನ್ನನ್ನು ಕೇಳದೆ ನಿಲ್ಲಿಸಬೇಡಿ.

ಫಲಿತಾಂಶ ಸುಧಾರಿಸಿತು ಅಂತ ನನಗನಿಸಿತು. ಆದರೆ ಒಬ್ಬ ಡಾಕ್ಟರ್‌ಗೆ ಅನಿಸಿದ್ದಕ್ಕೆ ಬೆಲೆ ಎಷ್ಟು? ದೊಡ್ಡ ಅಧ್ಯಯನಗಳು ಬೇರೆಯೇ ಹೇಳಿದವು. ಇದೇ ಸ್ಟೆಂಟ್‌ನ ಅಬ್ಸಾರ್ಬ್-3 ಅಧ್ಯಯನದಲ್ಲಿ 2008 ಜನರಿದ್ದರು. ಒಂದು ವರ್ಷಕ್ಕೆ ಹೆಪ್ಪುಗಟ್ಟಿದ್ದು ಕರಗುವುದರಲ್ಲಿ 1.5%, ಲೋಹದಲ್ಲಿ 0.7%. ಮೂರು ವರ್ಷಕ್ಕೆ 2.3 ಮತ್ತು 0.7. ನೆದರ್‌ಲ್ಯಾಂಡ್ಸ್‌ನ ಐಡಾ ಅಧ್ಯಯನದಲ್ಲಿ ಎರಡು ವರ್ಷಕ್ಕೆ 3.5 ಮತ್ತು 0.9. ಸ್ಟೆಂಟ್ ಕರಗಿದ ಮೇಲೆ ನಾಳ ಮತ್ತೆ ತಾನಾಗಿ ಹಿಗ್ಗಿ ಕುಗ್ಗುತ್ತದೆ ಅನ್ನುವ ಆಸೆಯೂ ಇತ್ತು, ಅಬ್ಸಾರ್ಬ್-2 ಅಧ್ಯಯನದಲ್ಲಿ ಮೂರು ವರ್ಷಕ್ಕೆ ಅದರಲ್ಲೂ ಲೋಹಕ್ಕಿಂತ ಮೇಲಾಗಲಿಲ್ಲ. ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಎಫ್‌ಡಿಎ 2016ರ ಜುಲೈನಲ್ಲಿ ಈ ಸ್ಟೆಂಟ್‌ಗೆ ಒಪ್ಪಿಗೆ ಕೊಟ್ಟು, 2017ರ ಮಾರ್ಚ್‌ನಲ್ಲಿ ಡಾಕ್ಟರ್‌ಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಅದೇ ಸೆಪ್ಟೆಂಬರ್‌ನಲ್ಲಿ ಮಾರಾಟ ನಿಲ್ಲಿಸುವುದಾಗಿ ಪ್ರಕಟವಾಯಿತು. ನಾನು ಅದಕ್ಕೂ ಮೊದಲೇ ನಿಲ್ಲಿಸಿದ್ದೆ ಅಂತ ಜಂಬ ಕೊಚ್ಚುವಂತಿಲ್ಲ. ಆ ವರ್ಷದ ಆರಂಭದಲ್ಲೂ ಹಾಕಿದ್ದೇನೆ.

ಅಂದಹಾಗೆ ಆ ಫೆಬ್ರುವರಿಯಲ್ಲೇ ನಮ್ಮ ಸರ್ಕಾರ ಬೆಲೆ ಮಿತಿ ತಂದು, ಔಷಧ ಲೇಪಿಸಿದ ಲೋಹದ್ದಕ್ಕೂ ಕರಗುವುದಕ್ಕೂ ಒಂದೇ 29,600 ರೂಪಾಯಿ ಮಾಡಿತು. ಜಾಸ್ತಿ ದುಡ್ಡು ಕೊಟ್ಟದ್ದೇ ಜಾಸ್ತಿ ಒಳ್ಳೆಯದು ಅನ್ನುವ ನಂಬಿಕೆಗೆ ಅಲ್ಲಿಗೆ ಒಂದು ಪೆಟ್ಟು ಬಿತ್ತು.

ಈಗ ನೂರು ಮೈಕ್ರಾನ್‌ನ ತೆಳು ಎಳೆಯ ಕರಗುವ ಸ್ಟೆಂಟ್‌ಗಳು ಬಂದಿವೆ, ನಮ್ಮ ದೇಶದ್ದೇ ಮೆರೆಸ್100 ಕೂಡ. ಮೆಗ್ನೀಷಿಯಂನವು ಒಂದು ವರ್ಷದಲ್ಲೇ ಹೆಚ್ಚುಕಮ್ಮಿ ಕರಗುತ್ತವೆ. ಚಿಕ್ಕ ವಯಸ್ಸಿನವರ ಸರಳ, ಅಗಲ ನಾಳಕ್ಕೆ ಮುಂದೊಂದು ದಿನ ಇವು ಸರಿಹೋಗಬಹುದು. ಇವತ್ತು ನನ್ನ ಅಣ್ಣನೇ ಮೇಜಿನ ಮೇಲೆ ಮಲಗಿದರೂ ತೆಳು ಎಳೆಯ ಲೋಹದ್ದೇ ಹಾಕುತ್ತೇನೆ.

ಹಳಬರು ಈಗಲೂ ಬರುತ್ತಾರೆ. ಮೂರು ವರ್ಷ ದಾಟಿದ ಮೇಲೆ ಆ ಹೆಚ್ಚಿನ ಅಪಾಯ ಉಳಿದಿಲ್ಲ ಅಂತ ಅಧ್ಯಯನದ ಐದು ವರ್ಷದ ಲೆಕ್ಕ ಹೇಳುತ್ತದೆ. 2014ರಲ್ಲಿ ಹಾಕಿಸಿಕೊಂಡ ಒಬ್ಬ ಮೇಷ್ಟ್ರಿಗೆ ಬೇರೆ ನಾಳದ ತೊಂದರೆಗೆ ಮತ್ತೆ ಆಂಜಿಯೋ ಮಾಡಿದೆ. ಪರದೆ ಕಡೆ ಕತ್ತು ತಿರುಗಿಸಿ ಕೇಳಿದರು, "ಎಲ್ಲಿ ಸಾರ್ ನನ್ನ ಸ್ಟೆಂಟು?" ಎರಡು ತುದಿಗೆ ಗುರುತಿಗೆ ಇಟ್ಟ ಪ್ಲಾಟಿನಂ ಮಾತ್ರ ಉಳಿದಿತ್ತು. ನಾಲ್ಕು ಚುಕ್ಕಿ, ಮಧ್ಯೆ ರಕ್ತ ಸಲೀಸಾಗಿ ಹರಿಯುತ್ತಿತ್ತು.

"ಅಷ್ಟೇನಾ?" ಅಂದರು. ಸ್ವಲ್ಪ ಬೇಜಾರಾದ ಹಾಗಿತ್ತು.