ಉಚಿತ ಸಾಫ್ಟ್‌ವೇರ್: ಇನ್‌ಸ್ಟಾಲ್ ಒತ್ತುವ ಮೊದಲು ನಾನು ನೋಡುವುದು

ಹೊಸ ಕಂಪ್ಯೂಟರಿಗೆ ಏನೇನು ಹಾಕಬೇಕು ಎಂದು ಯಾರನ್ನು ಕೇಳಿದರೂ ಪಟ್ಟಿ ಸಿಗುತ್ತದೆ: ವಿಡಿಯೊಗೆ ವಿಎಲ್‌ಸಿ, ಬರಹಕ್ಕೆ ಲಿಬ್ರೆಆಫೀಸ್, ಜಿಪ್ ಫೈಲು ಬಿಚ್ಚಲು 7-ಜಿಪ್, ಚಿತ್ರ ತಿದ್ದಲು ಗಿಂಪ್. ತೊಂದರೆ ಶುರುವಾಗುವುದು ಹೆಸರು ಗೊತ್ತಾದ ಮೇಲೆ. ಗೂಗಲ್‌ನಲ್ಲಿ ಆ ಹೆಸರು ಹೊಡೆದು ಮೊದಲು ಕಂಡದ್ದನ್ನು ಒತ್ತುವವರೇ ಜಾಸ್ತಿ, ಮೊದಲು ಕಾಣುವುದು ಎಷ್ಟೋ ಸಲ ಜಾಹೀರಾತು. 2023ರ ಅಕ್ಟೋಬರಿನಲ್ಲಿ ಪಾಸ್‌ವರ್ಡ್ ಕಾಪಾಡುವ ಕೀಪಾಸ್ ಹೆಸರಿನಲ್ಲಿ ಇಂಥದೇ ಒಂದು ಜಾಹೀರಾತು ಬಂದಿತ್ತು. ಒತ್ತಿದಾಗ ತೆರೆಯುತ್ತಿದ್ದ ತಾಣದ ವಿಳಾಸ ಥೇಟ್ ಅಸಲಿಯಂತೆಯೇ. ಮೊದಲಿನ ‘ಕೆ’ ಅಕ್ಷರದ ಕೆಳಗೆ ಒಂದು ಸಣ್ಣ ಗುರುತು ಮಾತ್ರ ಹೆಚ್ಚು. ಪರದೆಯ ಮೇಲಿನ ಧೂಳೆಂದು ಒರೆಸಿ ಮುಂದೆ ಹೋಗಬಹುದಾದಷ್ಟು ಸಣ್ಣದು. ಅಲ್ಲಿಂದ ಇಳಿಯುತ್ತಿದ್ದದ್ದು ಮಾಲ್‌ವೇರ್.

ಹಾಗಾಗಿ ವಿಂಡೋಸ್ 10 ಅಥವಾ 11 ಇದ್ದರೆ ಬ್ರೌಸರಿನ ಸಹವಾಸವೇ ಬೇಡವೆಂದು ವಿನ್‌ಗೆಟ್‌ನಿಂದ ಶುರು ಮಾಡುತ್ತೇನೆ. ಆಜ್ಞೆ ಬರೆದು ಸಾಫ್ಟ್‌ವೇರ್ ಹಾಕಿಕೊಳ್ಳುವ ಈ ಸಾಧನ ವಿಂಡೋಸಿನ ಜೊತೆಗೇ ಬರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಟರ್ಮಿನಲ್ (ವಿಂಡೋಸ್ 10ರಲ್ಲಿ ಅದಿಲ್ಲದಿದ್ದರೆ ಪವರ್‌ಶೆಲ್) ತೆರೆದು, ಇಂಗ್ಲಿಷಿನಲ್ಲಿ ವಿನ್‌ಗೆಟ್ ಸರ್ಚ್ ಎಂದು ಬರೆದು ಮುಂದೆ ಸಾಫ್ಟ್‌ವೇರಿನ ಹೆಸರು ಕೊಟ್ಟರೆ ಪಟ್ಟಿ ಬರುತ್ತದೆ. ಮೊದಲ ಸಲ ಷರತ್ತು ಒಪ್ಪುವಂತೆ ಕೇಳುತ್ತದೆ, ವೈ ಒತ್ತಿ. ಪಟ್ಟಿಯಲ್ಲಿ ನೋಡಬೇಕಾದದ್ದು ಐಡಿ ಕಾಲಮ್ಮು. ಒಂದೇ ಹೆಸರಿನವು ನಾಲ್ಕಾರು ಕಾಣಬಹುದು. ವಿಎಲ್‌ಸಿಗೆ ಐಡಿ ‘ವಿಡಿಯೊಲ್ಯಾನ್ ಡಾಟ್ ವಿಎಲ್‌ಸಿ’ ಎಂದಿರಬೇಕು, ಅಂದರೆ ತಯಾರಕರ ಹೆಸರು ಮುಂದೆ, ಸಾಫ್ಟ್‌ವೇರಿನದು ಹಿಂದೆ. ಆ ಐಡಿಯನ್ನೇ ಕಾಪಿ ಮಾಡಿ ವಿನ್‌ಗೆಟ್ ಇನ್‌ಸ್ಟಾಲ್ ಮುಂದೆ ಕೊಡುತ್ತೇನೆ. ಫೈಲ್ ಇಳಿದ ಮೇಲೆ ಅದರ ಹ್ಯಾಷ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ತಾಳೆಯಾಗದಿದ್ದರೆ ವಿನ್‌ಗೆಟ್ ತಾನೇ ನಿಲ್ಲಿಸಿಬಿಡುತ್ತದೆ.

ಬ್ರೌಸರಿನಿಂದಲೇ ಇಳಿಸಬೇಕಾದಾಗ ವಿಳಾಸವನ್ನು ವಿಕಿಪೀಡಿಯ ಪುಟದ ಬಲಬದಿಯ ಚೌಕದಿಂದ ತೆಗೆದುಕೊಳ್ಳುವುದು ನನ್ನ ರೂಢಿ. ವಿಎಲ್‌ಸಿಯ ಮನೆ ವಿಡಿಯೊಲ್ಯಾನ್ ಡಾಟ್ ಆರ್ಗ್. 7-ಜಿಪ್‌ನದು ನಡುವೆ ಅಡ್ಡಗೆರೆ ಇರುವ ಡಾಟ್ ಆರ್ಗ್. ಗಿಟ್‌ಹಬ್‌ನಲ್ಲಾದರೆ ರಿಲೀಸಸ್ ಪುಟದ ಅಸೆಟ್ಸ್ ಕೆಳಗೆ ಎಕ್ಸ್64 ಎಂದಿರುವ ಇಎಕ್ಸ್‌ಇ ಅಥವಾ ಎಂಎಸ್‌ಐ ಬೇಕು. ಬಹಳ ಜನ ‘ಸೋರ್ಸ್ ಕೋಡ್ ಜಿಪ್’ ಇಳಿಸಿಕೊಂಡು, ಒಳಗೆ ತೆರೆಯುವಂಥದ್ದು ಏನೂ ಇಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ, ಅದು ಪ್ರೋಗ್ರಾಮರುಗಳಿಗೆ.

7-ಜಿಪ್ ಎಲ್ಲಕ್ಕಿಂತ ಮೊದಲು ಹಾಕುವುದಕ್ಕೆ ಕಾರಣವಿದೆ. ಅದು ಬಂದ ಮೇಲೆ ಯಾವುದೇ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಸಿಆರ್‌ಸಿ ಎಸ್‌ಎಚ್‌ಎ’ ಎಂಬ ಮೆನು ಸಿಗುತ್ತದೆ. ವಿಂಡೋಸ್ 11ರಲ್ಲಿ ಕಾಣದಿದ್ದರೆ ‘ಶೋ ಮೋರ್ ಆಪ್ಷನ್ಸ್’ ಒಳಗೆ ನೋಡಿ. ಅಲ್ಲಿ ಎಸ್‌ಎಚ್‌ಎ-256 ಆರಿಸಿದರೆ ಬರುವ ಹ್ಯಾಷ್‌ನ 64 ಅಕ್ಷರಗಳನ್ನು ತಯಾರಕರ ಪುಟದಲ್ಲಿರುವುದಕ್ಕೆ ತಾಳೆ ನೋಡಬಹುದು. ಒಂದು ಅಕ್ಷರ ಬೇರೆಯಾದರೂ ಫೈಲ್ ಅಳಿಸಿ. ಅಂದಹಾಗೆ 7-ಜಿಪ್‌ನ ಇನ್‌ಸ್ಟಾಲರಿಗೆ ಡಿಜಿಟಲ್ ಸಹಿ ಇಲ್ಲ, ಆದ್ದರಿಂದ ವಿಂಡೋಸ್ ‘ಪಬ್ಲಿಷರ್ ಅನ್‌ನೋನ್’ ಎನ್ನುತ್ತದೆ. ಸರಿಯಾದ ಕಡೆಯಿಂದ ತಂದಿದ್ದರೆ ಅದಕ್ಕೆ ಹೆದರಬೇಕಿಲ್ಲ. ದೊಡ್ಡ ಕಂಪನಿಯ ಹೆಸರಿನ ಸಾಫ್ಟ್‌ವೇರ್ ಹಾಗೆ ಹೇಳಿದರೆ ಮಾತ್ರ ಖಂಡಿತ ಹೆದರಬೇಕು.

ಇನ್ನು ಲೈಸೆನ್ಸ್. ಉಚಿತ ಎಂಬುದರಲ್ಲೂ ತರಾವರಿ. ಫೈಲು ಕುಗ್ಗಿಸುವ ವಿನ್‌ರಾರ್ 40 ದಿನದ ಟ್ರಯಲ್. ಆಮೇಲೂ ಓಡುತ್ತದೆ ಎಂದಮಾತ್ರಕ್ಕೆ ಉಚಿತವಾಗಲಿಲ್ಲ. ಚಿತ್ರ ನೋಡುವ ಇರ್ಫಾನ್‌ವ್ಯೂ ಮನೆ ಬಳಕೆಗೆ ಉಚಿತ, ಡಿಟಿಪಿ ಅಂಗಡಿಗೆ ದುಡ್ಡು ಕೊಡಬೇಕು. ವಿಎಲ್‌ಸಿ, 7-ಜಿಪ್, ಲಿಬ್ರೆಆಫೀಸ್, ಗಿಂಪ್, ಇಂಕ್‌ಸ್ಕೇಪ್‌ಗಳಿಗೆ ಅಂಥ ತಕರಾರಿಲ್ಲ, ಅಂಗಡಿಯಲ್ಲೂ ಬಳಸಬಹುದು. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಲಿಬ್ರೆಆಫೀಸಿಗೆ ಬೆಲೆ ಹಾಕಿರುವುದು ಕಂಡರೆ ಗಾಬರಿ ಬೇಡ: ದಿ ಡಾಕ್ಯುಮೆಂಟ್ ಫೌಂಡೇಶನ್ 2022ರಿಂದ ತಾನೇ ಅಲ್ಲಿ ಮಾರುತ್ತಿದೆ, ಅದರದೇ ತಾಣದಲ್ಲಿ ಅದೇ ಸಾಫ್ಟ್‌ವೇರ್ ಪುಕ್ಕಟೆ. ಓಪನ್‌ಆಫೀಸ್ ಮಾತ್ರ ಇನ್ನು ಬೇಡ. 2010ರಲ್ಲಿ ಅದರಿಂದ ಕವಲೊಡೆದದ್ದೇ ಲಿಬ್ರೆಆಫೀಸ್, ಕೆಲಸ ಮಾಡುವವರಲ್ಲಿ ಬಹುಪಾಲು ಜನ ಈ ಕಡೆಗೇ ಬಂದಿದ್ದಾರೆ.

ಇಷ್ಟೆಲ್ಲ ಪಾಸಾದರೂ ನಮ್ಮ ಕೆಲಸಕ್ಕೆ ಇನ್ನೊಂದು ಪರೀಕ್ಷೆ ಇದೆ, ಅದು ಯಾವ ‘ಟಾಪ್ ಟೆನ್’ ಪಟ್ಟಿಯಲ್ಲೂ ಇರುವುದಿಲ್ಲ: ಅದರಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆಯೇ? ನೋಟ್‌ಪ್ಯಾಡಿನಲ್ಲಿ ಒಂದು ಸಾಲು ಇಟ್ಟುಕೊಂಡಿದ್ದೇನೆ: ಸ್ತ್ರೀ, ಸೂರ್ಯ, ಲಕ್ಷ್ಮೀ, ರ‍್ಯಾಂಕ್, ರಾಜ್‌ಕುಮಾರ್. ಹೊಸ ಸಾಫ್ಟ್‌ವೇರಿನಲ್ಲಿ ಮೊದಲು ಅದನ್ನೇ ಪೇಸ್ಟ್ ಮಾಡುವುದು. ಸ್ತ್ರೀಯ ಒತ್ತುಗಳು ಬಿಡಿಬಿಡಿಯಾಗಿ ಪಕ್ಕಕ್ಕೆ ನಿಂತರೆ ಅಲ್ಲಿಗೇ ಮುಗಿಯಿತು. ‘ರ‍್ಯಾಂಕ್’ ಅರ್ಕಾವತ್ತು ಹಾಕಿಕೊಂಡು ‘ರ್ಯಾಂಕ್’ ಆದರೆ, ‘ರಾಜ್‌ಕುಮಾರ್’ ಒತ್ತಕ್ಷರ ಸೇರಿ ‘ರಾಜ್ಕುಮಾರ್’ ಆದರೆ, ನಡುವೆ ಇರುವ ಕಣ್ಣಿಗೆ ಕಾಣದ ಜೋಡಕವನ್ನೋ (ಝಡ್‌ಡಬ್ಲ್ಯುಜೆ) ಬಿಡಿಸುಕವನ್ನೋ (ಝಡ್‌ಡಬ್ಲ್ಯುಎನ್‌ಜೆ) ಅದು ನುಂಗಿದೆ ಎಂದರ್ಥ. ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದು ಇನ್ನೊಮ್ಮೆ ನೋಡಬೇಕು; ಕೆಲವು ನುಂಗುವುದು ಸೇವ್ ಮಾಡುವಾಗ.

ಪುಸ್ತಕದ ಪುಟ ಕಟ್ಟುವ ಸ್ಕ್ರೈಬಸ್ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ 1.4ರಲ್ಲಿ ಕನ್ನಡ ಒತ್ತಕ್ಷರ ಕೂಡುತ್ತಿರಲಿಲ್ಲ, 1.6ರಲ್ಲಿ ಕೂಡುತ್ತದೆ. ಯಾರದೋ ಪೆನ್‌ಡ್ರೈವ್‌ನಿಂದ ಹಳೆಯದನ್ನು ಹಾಕಿಕೊಂಡವರು ಅದಕ್ಕೆ ಕನ್ನಡವೇ ಬಾರದು ಎಂದು ಇಂದಿಗೂ ಹೇಳುತ್ತಾರೆ. ಒಂದೇ ಪುಟದ ಆಮಂತ್ರಣಕ್ಕೆ ಇಂಕ್‌ಸ್ಕೇಪ್ ಹಗುರ. ಆದರೆ ಪ್ರೆಸ್ಸಿನವರು ಅಚ್ಚಿನ ನಾಲ್ಕು ಬಣ್ಣಗಳ ಸಿಎಂವೈಕೆ ಪಿಡಿಎಫ್ ಕೇಳಿದರೆ ಸ್ಕ್ರೈಬಸ್‌ಗೇ ಬರಬೇಕು.

ಲಿಬ್ರೆಆಫೀಸಿನಲ್ಲಿ ಕನ್ನಡ ಸರಿಯಾಗಿಯೇ ಮೂಡುತ್ತದೆ, ಎಡವುವುದು ಸೆಟ್ಟಿಂಗಿನಲ್ಲಿ. ಡೀಫಾಲ್ಟ್ ಫಾಂಟ್ ಬದಲಿಸಿದರೂ ಕನ್ನಡಕ್ಕೆ ತಾಗಲಿಲ್ಲ ಎನ್ನುವವರು ಬಹಳ. ಅದು ಕನ್ನಡವನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’, ಅಂದರೆ ಸಿಟಿಎಲ್, ಎಂಬ ಪ್ರತ್ಯೇಕ ಖಾತೆಯಲ್ಲಿ ಇಡುತ್ತದೆ. ಟೂಲ್ಸ್, ಆಪ್ಷನ್ಸ್‌ಗೆ ಹೋಗಿ ಭಾಷೆಯ ವಿಭಾಗದಲ್ಲಿ ಆ ಸಾಲಿಗೆ ಟಿಕ್ ಹಾಕಿ ಕನ್ನಡ ಆರಿಸಿ. ಆಮೇಲೆ ಲಿಬ್ರೆಆಫೀಸ್ ರೈಟರ್ ಕೆಳಗೆ ‘ಬೇಸಿಕ್ ಫಾಂಟ್ಸ್ ಸಿಟಿಎಲ್’ ಕಾಣುತ್ತದೆ. ಫಾಂಟು, ಸೈಜು ಎರಡನ್ನೂ ಅಲ್ಲೇ ಕೊಡಬೇಕು. ನಾನು ನೋಟೊ ಸೆರಿಫ್ ಕನ್ನಡ ಇಡುತ್ತೇನೆ, ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಪಿಡಿಎಫ್ ಮಾಡುವಾಗ ‘ಹೈಬ್ರಿಡ್ ಪಿಡಿಎಫ್’ಗೆ ಟಿಕ್ ಹಾಕಿದರೆ ಮೂಲ ಫೈಲು ಅದರೊಳಗೇ ಕೂರುತ್ತದೆ, ಮುಂದೆ ತಿದ್ದಬೇಕಾದಾಗ ಅದೇ ಪಿಡಿಎಫ್ಅನ್ನು ಲಿಬ್ರೆಆಫೀಸಿನಲ್ಲಿ ತೆರೆದರಾಯಿತು.

ಟೈಪಿಂಗಿಗೆ ಬೇರೆ ಸಾಫ್ಟ್‌ವೇರ್ ಬೇಕೆಂದೇನಿಲ್ಲ. 2019ರ ಮೇ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ. ‘ನುಡಿ’ ಸಾಫ್ಟ್‌ವೇರ್ ಬೆರಳಿಗೆ ಕೂತವರು ಅದನ್ನೇ ಹಾಕಿಕೊಳ್ಳಲಿ, ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಸಾಕು. ಯೂನಿಕೋಡ್‌ಗೆ ಮುಂಚಿನ ಸಂಕೇತದ ಹಳೆಯ ಆಸ್ಕಿ ಫೈಲುಗಳನ್ನು ಪರಿವರ್ತಿಸಿದ ಮೇಲೆ ಅರ್ಕಾವತ್ತಿನ ಪದಗಳನ್ನು ಹುಡುಕಿ ಓದಿ ನೋಡಬೇಕು. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು. ತಪ್ಪುಗಳು ಸೇರಿಕೊಳ್ಳುವುದು ಅಲ್ಲೇ.

ಅಚ್ಚಾದ ಪುಟವನ್ನು ಪಠ್ಯ ಮಾಡಲು ಜಿಇಮೇಜ್‌ರೀಡರ್. ಒಳಗೆ ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸೆರಾಕ್ಟ್ ಇರುತ್ತದೆ, ಕನ್ನಡದ ದತ್ತಾಂಶವನ್ನು ‘ಮ್ಯಾನೇಜ್ ಲ್ಯಾಂಗ್ವೇಜಸ್’ನಿಂದ ಸೇರಿಸಿಕೊಳ್ಳಬೇಕು. ಸ್ಕ್ಯಾನ್ 300 ಡಿಪಿಐಗಿಂತ ಕಡಿಮೆಯಾದರೆ ಒತ್ತಕ್ಷರ ಕೈಕೊಡುತ್ತವೆ.

7-ಜಿಪ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ತೆರೆದಿರುವುದನ್ನೆಲ್ಲ ಮುಚ್ಚಿ, ಟರ್ಮಿನಲ್‌ನಲ್ಲಿ ವಿನ್‌ಗೆಟ್ ಅಪ್‌ಗ್ರೇಡ್, ಜಾಗ ಬಿಟ್ಟು ಎರಡು ಅಡ್ಡಗೆರೆ, ಅದಕ್ಕಂಟಿಸಿ ಆಲ್ ಎಂದು ಕೊಟ್ಟು ಎಂಟರ್ ಒತ್ತುತ್ತೇನೆ.